ಒಂದು ತುತ್ತಿಗೆ ಏನಾಗುತ್ತದೆ? ಆಹಾರದ ಅಲರ್ಜಿ ಬಗ್ಗೆ ಊರಿಗೆ ಹೇಳುವ ಬಗೆ

ನಾವು ಮಾಡಿದ ಮೊದಲ ಪೋಸ್ಟರ್ ಒಂದೇ ದಿನಕ್ಕೆ ಗೋಡೆಯಿಂದ ಇಳಿಯಿತು. ಕಿತ್ತವರು ನಾವೇ.

ಹುಬ್ಬಳ್ಳಿಯಲ್ಲಿ ನಾಲ್ಕು ಮಂದಿ ಗೆಳೆಯರು ಸೇರಿ ಆಹಾರದ ಅಲರ್ಜಿ ಬಗ್ಗೆ ಜನರಿಗೆ ತಿಳಿಸೋಣ ಅಂತ ಹೊರಟಿದ್ದೆವು. ಒಂದು ಶೇಂಗಾ ಕಾಯಿಯ ಚಿತ್ರ. ಅದರ ಮೇಲೆ ಕೆಂಪು ಗೀಟು. ಕೆಳಗೆ ದಪ್ಪ ಅಕ್ಷರದಲ್ಲಿ ‘ಎಚ್ಚರ! ಅಲರ್ಜಿ ಪ್ರಾಣ ತೆಗೆಯಬಹುದು’. ನೋಡೋಕೆ ಚೆನ್ನಾಗೇ ಇತ್ತು. ಪರಿಚಯದ ಖಾನಾವಳಿಯೊಂದರ ಗೋಡೆಗೆ ಅಂಟಿಸಿ, ಊಟಕ್ಕೆ ಬಂದವರು ಏನನ್ನುತ್ತಾರೆ ಅಂತ ಕೇಳುತ್ತಾ ಕೂತೆವು. ಮಧ್ಯಾಹ್ನದ ಹೊತ್ತಿಗೆ ಖಾನಾವಳಿ ನಡೆಸುವ ಅಕ್ಕಾರೇ ಬಂದರು. ಕೈಯಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಡಬ್ಬಿ.

“ಅಲ್ರೀ ಸರ, ಶೇಂಗಾ ತಿಂದ್ರ ಸಾಯ್ತಾರ ಅಂತ ನನ್ನ ಗ್ವಾಡಿಗೇ ಹಚ್ಚೀರಲ್ಲ. ನಾ ಇನ್ನ ರೊಟ್ಟಿ ಜೋಡಿ ಏನ್ ಬಡಸ್ಲಿ?”

ಅವರ ಸಿಟ್ಟು ಸರಿಯಾಗೇ ಇತ್ತು. ಪೋಸ್ಟರ್ ಓದಿದವರಲ್ಲಿ ಹೆಚ್ಚಿನವರು ಶೇಂಗಾನೇ ಕೆಟ್ಟದ್ದು ಅಂತ ತಿಳಿದಿದ್ದರು. ಒಬ್ಬರು ಇದು ಎಣ್ಣೆ ಕಲಬೆರಕೆ ವಿಷಯ ಇರಬೇಕು ಅಂದರು. ಇನ್ನೊಬ್ಬರು “ಪಿತ್ತ ಜಾಸ್ತಿ ಆದವರಿಗೆ ಹೇಳಿದ್ದು” ಅಂದರು. ಅಲರ್ಜಿ ಇದ್ದವರಿಗಷ್ಟೇ ಅಪಾಯ, ಉಳಿದವರಿಗೆ ಅದೇ ಶೇಂಗಾ ಒಳ್ಳೆಯ ತಿನಿಸು ಅನ್ನುವ ಮಾತು ಒಬ್ಬರಿಗೂ ಮುಟ್ಟಿರಲಿಲ್ಲ. ಗದಗ, ಧಾರವಾಡ, ಹಾವೇರಿ ಹೊಲಗಳಲ್ಲಿ ಶೇಂಗಾ ಬೆಳೆಯುವ ಜನಕ್ಕೆ ಶೇಂಗಾ ಮೇಲೆ ಗೀಟು ಹೊಡೆದು ತೋರಿಸಿದ್ದೆವು!

ಆಮೇಲೆ ಕೂತು ಮೊದಲಿಂದ ಯೋಚಿಸಿದೆವು. ಈ ವಿಷಯದಲ್ಲಿ ಜನರಿಗೆ ಏನು ಹೇಳಬೇಕು, ಯಾರಿಗೆ ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು ಅಂತ. ಅದರಲ್ಲಿ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

‘ಒಗ್ಗಂಗಿಲ್ಲ’ ಅಂದರೆ ಯಾವುದು?

ನಮ್ಮ ಕಡೆ ತಿಂದದ್ದು ಹೆಚ್ಚುಕಡಿಮೆ ಆದರೆ ಒಂದೇ ಮಾತು: ‘ಒಗ್ಗಂಗಿಲ್ಲ’. ಇಲ್ಲವೇ ‘ಆಗಿಬರಂಗಿಲ್ಲ’. ಹಾಲು ಕುಡಿದು ಹೊಟ್ಟೆ ಉಬ್ಬಿದರೆ ಒಗ್ಗಂಗಿಲ್ಲ. ಹಳಸಿದ್ದು ತಿಂದು ವಾಂತಿ ಆದರೂ ಒಗ್ಗಂಗಿಲ್ಲ. ಬದನೆಕಾಯಿ ತಿಂದು ಮೈ ತುರಿಸಿದರೆ ‘ಪಿತ್ತಗಂಧೆ’, ‘ನಂಜು’ ಅಂತ ಬೇರೆ ಹೆಸರು. ಮಾತು ಒಂದೇ ಆದರೂ ಒಳಗೆ ನಡೆಯುವುದು ಬೇರೆ ಬೇರೆ.

ಹಾಲು ಕುಡಿದು ಹೊಟ್ಟೆ ಗುಡುಗುಡು ಅನ್ನುವುದು ಹೆಚ್ಚಾಗಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗದೆ ಇರುವುದರಿಂದ. ಅದನ್ನು ಒಡೆಯುವ ಲ್ಯಾಕ್ಟೇಸ್ ಅನ್ನುವ ಕಿಣ್ವ ವಯಸ್ಸಾದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ತ್ರಾಸ ಆಗುತ್ತದೆ, ಆದರೆ ಪ್ರಾಣಕ್ಕೆ ಕುತ್ತಿಲ್ಲ. ಚಹಾಕ್ಕೆ ಹಾಕುವಷ್ಟು ಹಾಲು ಇಂಥವರಿಗೆ ನಡೆಯುತ್ತದೆ, ಮೊಸರೂ ಹೆಚ್ಚಿನವರಿಗೆ ನಡೆಯುತ್ತದೆ. ಹಾಲಿನ ಅಲರ್ಜಿಯ ಕತೆ ಬೇರೆ. ಅಲ್ಲಿ ತಂಟೆ ಹಾಲಿನ ಪ್ರೋಟೀನಿನದು. ಆ ಮಗುವಿಗೆ ಮೊಸರೂ ಆಗಲ್ಲ, ಧಾರವಾಡ ಪೇಡಾದ ಒಂದು ಚೂರೂ ಆಗಲ್ಲ.

ಅಲರ್ಜಿ ಹೇಗೆ ಹುಟ್ಟುತ್ತದೆ ಅಂತ ತಿಳಿಯೋಕೆ ಓಣಿ ಕಾಯುವ ನಾಯಿಯನ್ನು ನೆನೆಸಿಕೊಳ್ಳಿ. ಒಂದು ದಿನ ಮನೆಗೆ ಬೀಗರು ಬಂದರು. ನಾಯಿ ಅವರನ್ನು ಕಳ್ಳರು ಅಂತ ತಿಳಿಯಿತು. ಆವತ್ತು ಏನೂ ಮಾಡಲಿಲ್ಲ, ವಾಸನೆ ಮಾತ್ರ ನೆನಪಿಟ್ಟುಕೊಂಡಿತು. ಮುಂದಿನ ಸಲ ಬೀಗರು ಓಣಿಗೆ ಕಾಲಿಟ್ಟ ಕೂಡಲೇ ಮೈಮೇಲೆ ಬಿತ್ತು. ದೇಹವೂ ಹಾಗೇ. ಶೇಂಗಾದ ಪ್ರೋಟೀನನ್ನು ವೈರಿ ಅಂತ ತಪ್ಪು ತಿಳಿದು ಐಜಿಇ ಅನ್ನುವ ಪ್ರತಿಕಾಯಗಳನ್ನು ಮಾಡಿಟ್ಟುಕೊಳ್ಳುತ್ತದೆ. ಅವು ಚರ್ಮ, ಕರುಳು, ಉಸಿರುನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕೂತು ಕಾಯುತ್ತವೆ. ಅದೇ ಪ್ರೋಟೀನ್ ಮತ್ತೆ ಒಳಗೆ ಬಂತೋ, ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಗೇ ಸುರಿಯುತ್ತವೆ. ಚರ್ಮದಲ್ಲಿ ಗಾದರಿ ಏಳುತ್ತದೆ, ತುಟಿ ಊದುತ್ತದೆ. ಜೋರಾದರೆ ಉಸಿರಿನ ದಾರಿ ಬಿಗಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆ ಹಂತಕ್ಕೆ ಅನಫೈಲ್ಯಾಕ್ಸಿಸ್ ಅಂತ ಹೆಸರು. ಹೆಸರು ಇಟ್ಟವರು ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ, 1902ರಲ್ಲಿ. ಸಮುದ್ರಜೀವಿಯೊಂದರ ವಿಷವನ್ನು ಮೊದಲ ಸಲ ತಾಳಿಕೊಂಡ ಪ್ರಾಣಿ, ಕೆಲ ವಾರ ಬಿಟ್ಟು ಮತ್ತೆ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಸತ್ತುಹೋಗಿತ್ತು. ಆ ಪ್ರಾಣಿಯೂ ನಾಯಿಯೇ. ರಿಶೆಗೆ 1913ರಲ್ಲಿ ನೊಬೆಲ್ ಬಂತು.

ನಮ್ಮ ಪ್ರಚಾರಕ್ಕೆ ಇಲ್ಲಿ ಬೇಕಾದ ಸಂಗತಿ ಒಂದೇ: ಸ್ವಲ್ಪವೇ ಕೊಟ್ಟರೂ ಸತ್ತಿತು. ನಮ್ಮ ಅಡುಗೆಮನೆ ಲೆಕ್ಕವೆಲ್ಲ ಪ್ರಮಾಣದ್ದು. ಉಷ್ಣ ಅಂದರೆ ಸ್ವಲ್ಪ ತಿನ್ನು, ಸಕ್ಕರೆ ಕಾಯಿಲೆ ಅಂದರೆ ಒಂದೇ ಒಂದು ತಿನ್ನು. ಅಲರ್ಜಿಗೆ ಆ ಲೆಕ್ಕ ನಡೆಯಲ್ಲ. ನಾಯಿಗೆ ಒಬ್ಬ ಬೀಗ ಬಂದರೂ ಸಾಕು.

ಎಷ್ಟು ಜನಕ್ಕೆ ಇದೆ?

ಪ್ರಚಾರ ಮಾಡುವವರು ಇಲ್ಲಿ ಸುಲಭವಾಗಿ ಎಡವುತ್ತಾರೆ. ದೊಡ್ಡ ಸಂಖ್ಯೆ ಹೇಳಿದರೆ ಜನ ಕೇಳುತ್ತಾರೆ ಅನ್ನುವ ಆಸೆ.

ಬೆಂಗಳೂರು, ಮೈಸೂರು ಕಡೆಯ ವಯಸ್ಕರ ಮೇಲೆ ನಡೆದ, ಯುರೋಪ್ರಿವಾಲ್ ಅನ್ನುವ ಆಹಾರ ಅಲರ್ಜಿಯ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರಕ್ತ ಪರೀಕ್ಷೆಯಲ್ಲಿ ಯಾವುದೋ ಒಂದು ಆಹಾರಕ್ಕೆ ಐಜಿಇ ಕಾಣಿಸಿಕೊಂಡವರು ಶೇ 26.5. ನಾಲ್ವರಲ್ಲಿ ಒಬ್ಬರು! ಆದರೆ ಅದೇ ಆಹಾರ ತಿಂದಾಗ ನಿಜಕ್ಕೂ ತೊಂದರೆ ಆಗುವ, ಅಲರ್ಜಿ ಇರಬಹುದು ಅನ್ನುವಂಥವರು ಶೇ 1.2 ಮಾತ್ರ. ಅಂದರೆ ರಕ್ತದಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಅಲ್ಲ. ನಾಯಿ ವಾಸನೆ ನೆನಪಿಟ್ಟುಕೊಂಡಿದೆ, ಕಚ್ಚುವುದಿಲ್ಲ.

‘ನಾಲ್ವರಲ್ಲಿ ಒಬ್ಬರಿಗೆ’ ಅಂತ ಬ್ಯಾನರ್ ಹಾಕಿದರೆ ಏನಾಗುತ್ತದೆ ಗೊತ್ತಲ್ವಾ? ಜನ ಹೆದರಿ ನೂರಾರು ತಿನಿಸುಗಳ ಟೆಸ್ಟ್ ಪ್ಯಾಕೇಜಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಪಟ್ಟಿಯಲ್ಲಿ ಗೋದಿ, ತೊಗರಿ, ಹಾಲು, ಟೊಮೆಟೊ ಎಲ್ಲಕ್ಕೂ ಕೆಂಪು ಗುರುತು ಬರುತ್ತದೆ. ತಾಯಿ ಮಗುವಿಗೆ ಬರೀ ಅನ್ನ ಹಾಕಲು ಶುರು ಮಾಡುತ್ತಾಳೆ. ನಾನು ಇಂಥ ಒಂದು ಮನೆ ನೋಡಿದ್ದೇನೆ, ಮಗು ಸೊರಗಿಹೋಗಿತ್ತು. ಹಾಗಾಗಿ ನಮ್ಮ ಸಂದೇಶದಲ್ಲಿ ಪರೀಕ್ಷೆಯ ಮಾತಿಗಿಂತ ಮೊದಲು ಈ ಪ್ರಶ್ನೆ ಬರಬೇಕು: ಏನು ತಿಂದಿರಿ, ಎಷ್ಟು ಹೊತ್ತಿಗೆ ಏನಾಯಿತು, ಪ್ರತಿ ಸಲವೂ ಆಗುತ್ತದಾ? ಈ ಮೂರನ್ನು ಬರೆದುಕೊಂಡು ಡಾಕ್ಟರ ಹತ್ತಿರ ಹೋದರೆ ಅರ್ಧ ಕೆಲಸ ಆದಂತೆ. ಐಜಿಇ ಅಲರ್ಜಿ ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷದಲ್ಲಿ, ಇಲ್ಲವೇ ಎರಡು ತಾಸಿನೊಳಗೆ ತೋರಿಸಿಕೊಳ್ಳುತ್ತದೆ.

ಗೀಟು ಹೊಡೆದ ಶೇಂಗಾ ಇನ್ನೊಂದು ಕಾರಣಕ್ಕೂ ತಪ್ಪು. 2015ರಲ್ಲಿ ಲಂಡನ್ನಿನಲ್ಲಿ ಲೀಪ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. ಜೋರು ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ವರ್ಷ ತುಂಬುವ ಮೊದಲೇ ಶೇಂಗಾ ತಿನಿಸು ಶುರು, ಇನ್ನೊಂದಕ್ಕೆ ಐದು ವರ್ಷ ಶೇಂಗಾ ಬಂದ್. ಐದನೇ ವಯಸ್ಸಿಗೆ ದೂರವಿಟ್ಟ ಗುಂಪಿನಲ್ಲಿ ಶೇ 17.2 ಮಕ್ಕಳಿಗೆ ಶೇಂಗಾ ಅಲರ್ಜಿ, ತಿಂದ ಗುಂಪಿನಲ್ಲಿ ಶೇ 3.2. ಅಂದರೆ ಹೆದರಿಸಿ ಶೇಂಗಾ ಬಿಡಿಸಿದರೆ ಅಲರ್ಜಿ ಹೆಚ್ಚೂ ಆಗಬಹುದು. (ಸಣ್ಣ ಮಕ್ಕಳಿಗೆ ಇಡಿ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ಕೊಡಬೇಕು. ಇಸುಬು ಜೋರಿದ್ದರೆ ಮೊದಲು ಡಾಕ್ಟರನ್ನು ಕೇಳಬೇಕು.)

ಬಡಿಸುವ ಕೈಗೆ ಹೇಳಬೇಕು

ಗದಗದಲ್ಲಿ ನನ್ನ ತಂಗಿ ಮನೆ. ಅವಳ ಮಗನಿಗೆ ಆಗ ನಾಲ್ಕು ವರ್ಷ. ಶೇಂಗಾ ಅವನಿಗೆ ಆಗಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪಂಚಮಿ ದಿನ. ಓಣಿಯಲ್ಲಿ ಎಲ್ಲರ ಮನೆ ಉಂಡಿ ಎಲ್ಲರ ಮನೆಗೆ ಹೋಗುತ್ತಿತ್ತು. ಪಕ್ಕದ ಮನೆ ಆಯಿ ಹುಡುಗನನ್ನು ಕರೆದು ಜೋಕಾಲಿಗೆ ಕೂರಿಸಿದರು. ಶೇಂಗಾ ಉಂಡಿಯ ಒಂದು ಚೂರು, ನನ್ನ ಕಿರುಬೆರಳ ತುದಿಯಷ್ಟು, ಮುರಿದು ಬಾಯಿಗಿಟ್ಟರು. “ಹಬ್ಬದ ದಿನ ಹಂಗ ಕಳಸಬಾರದವಾ, ಒಂದ್ ಚೂರಿಗೆ ಏನ್ ಆಗತೈತಿ?”

ಐದು ನಿಮಿಷದಲ್ಲಿ ಅವನ ಕೆಳತುಟಿ ಊದಿತು. ಕೆಮ್ಮು ಶುರುವಾಯಿತು. ಬೊಗಳಿದ ಹಾಗೆ ಒಣ ಕೆಮ್ಮು. ಒಬ್ಬರು ಮಜ್ಜಿಗೆ ಕುಡಿಸಿ ಅಂದರು, ಒಬ್ಬರು ದೃಷ್ಟಿ ತೆಗೆದರು. ಭಾವ ಅವನನ್ನು ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಬಿತ್ತು. ಸ್ವಲ್ಪ ಹೊತ್ತಿಗೆ ಉಸಿರು ಸರಿಹೋಯಿತು, ರಾತ್ರಿಯೆಲ್ಲ ಅಲ್ಲೇ ಇಟ್ಟುಕೊಂಡರು. ಆ ಆಯಿ ಈಗಲೂ ಆ ಹುಡುಗ ಎದುರಾದರೆ ಕಣ್ಣು ತುಂಬಿಕೊಳ್ಳುತ್ತಾರೆ.

ತಪ್ಪು ಯಾರದು ಅಂತ ಹುಡುಕುವುದು ಬೇಡ. ಅವರು ಕೊಟ್ಟಿದ್ದು ಅಕ್ಕರೆಯಿಂದ. ಆದರೆ ಪ್ರಚಾರ ಯಾರಿಗೆ ಮಾಡಬೇಕು ಅನ್ನುವುದು ನನಗೆ ಆವತ್ತು ತಿಳಿಯಿತು. ಅಲರ್ಜಿ ಇದ್ದವರ ಮನೆಗೆ ಎಲ್ಲಾ ಗೊತ್ತಿರುತ್ತದೆ. ಗೊತ್ತಿಲ್ಲದವರು ಅವರ ಸುತ್ತ ಇರುವವರು. ಬೀಗರು, ನೆರೆಮನೆಯವರು, ಬಿಸಿಯೂಟದ ಅಡುಗೆಯವರು, ಮದುವೆಯಲ್ಲಿ ಬಕೆಟ್ ಹಿಡಿದು ಪಂಕ್ತಿಯಲ್ಲಿ ಓಡಾಡುವ ಹುಡುಗರು. ನಮ್ಮ ಕಡೆ ‘ಬ್ಯಾಡ’ ಅಂದವರಿಗೆ ಮತ್ತೊಂದು ಸಲ ಬಡಿಸುವುದೇ ಮರ್ಯಾದೆ. ಆ ಒತ್ತಾಯವೇ ಇಲ್ಲಿ ಅಪಾಯ.

ಇದನ್ನು ಬದಲಿಸೋಕೆ ಆಗುತ್ತದಾ? ಆಗುತ್ತದೆ, ಯಾಕಂದರೆ ಒಂದು ವಿಷಯದಲ್ಲಿ ಈಗಾಗಲೇ ಬದಲಾಗಿದೆ. ಇವತ್ತು ಯಾರ ಮನೆಗೆ ಹೋದರೂ ಚಹಾ ಮಾಡುವ ಮೊದಲು ಕೇಳುತ್ತಾರೆ: “ಸಕ್ರಿ ನಡೀತದೇನ್ರಿ?” ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಏಕಾದಶಿ ಇದ್ದವರಿಗೆ, ಉಳ್ಳಾಗಡ್ಡಿ ತಿನ್ನದವರಿಗೆ ಬೇರೆ ಅಡುಗೆ ಮಾಡುತ್ತೇವೆ. ಕೇಳುವ ಚಾಳಿ ನಮ್ಮಲ್ಲಿದೆ. ಆ ಸಾಲಿಗೆ ಶೇಂಗಾ, ಹಾಲು, ಎಳ್ಳು, ಮೊಟ್ಟೆಯನ್ನೂ ಸೇರಿಸಿದರೆ ಆಯಿತು. ಹೊಸ ಮಾತು ಕಲಿಸುವುದಕ್ಕಿಂತ ಇದ್ದ ಮಾತಿಗೆ ಜೋಡಿಸುವುದು ಸುಲಭ.

ಕಾಣದ ಶೇಂಗಾ

ಕಾಣುವ ಶೇಂಗಾ ತಪ್ಪಿಸುವುದು ಕಷ್ಟವಲ್ಲ, ಕಾಣದ್ದೇ ಕಷ್ಟ. ಎಣ್ಣಗಾಯಿಯ ಮಸಾಲೆಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು ಮೂರೂ ಸೇರಿರುತ್ತವೆ, ಮೇಲಿಂದ ನೋಡಿದರೆ ಬರೀ ಬದನೆಕಾಯಿ. ಗಿರ್ಮಿಟ್‌ನಲ್ಲಿ, ಕೋಸಂಬರಿಯಲ್ಲಿ, ಸಾಬೂದಾಣಿ ಖಿಚಡಿಯಲ್ಲಿ ಇರುತ್ತದೆ. ಕಾಜು ಬರ್ಫಿಯಲ್ಲಿ ಖರ್ಚು ಉಳಿಸೋಕೆ ಶೇಂಗಾ ಪುಡಿ ಬೆರೆಸುವ ಚಾಳಿಯೂ ಇದೆ. ಎಣ್ಣೆಯದು ಇನ್ನೊಂದು ಗೋಜಲು. ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಈಗ ಮತ್ತೆ ಬೇಡಿಕೆ ಬಂದಿರುವ ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಅಲರ್ಜಿ ಇದ್ದವರಿಗೆ ‘ಶುದ್ಧ ಗಾಣದ ಎಣ್ಣೆ’ ಅನ್ನುವ ಬೋರ್ಡೇ ಎಚ್ಚರಿಕೆ.

ಪ್ಯಾಕೆಟ್ ತಿನಿಸಿಗೆ ಕಾನೂನು ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐನ 2020ರ ಲೇಬಲ್ ನಿಯಮದ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ‘ಕಂಟೇನ್ಸ್’ (ಇದರಲ್ಲಿದೆ) ಅಂತ ಬೇರೆಯಾಗಿ ಬರೆಯಬೇಕು. ಪದಾರ್ಥಗಳ ಪಟ್ಟಿಯ ಹತ್ತಿರ ಹುಡುಕಿ. ಇಂಗ್ಲಿಷ್ ಓದಲು ಬಾರದವರಿಗೂ ಆ ಒಂದು ಪದದ ಆಕಾರ ಗುರುತು ಮಾಡಿಸಬಹುದು. ಆದರೆ ಈ ಪಟ್ಟಿಯಲ್ಲಿ ಎಳ್ಳು ಇಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳನ್ನೂ ಬರೆಯಲೇಬೇಕು. ಸಂಕ್ರಾಂತಿಗೆ ಮನೆಮನೆಗೆ ಎಳ್ಳು ಹಂಚುವ ನಮ್ಮಲ್ಲಿ ಅದು ಪಟ್ಟಿಯಲ್ಲಿಲ್ಲ, ನೋಡಿ. ಹಸಿರು ಚುಕ್ಕೆ ನೋಡಿ ‘ಸೇಫ್’ ಅಂದುಕೊಳ್ಳುವವರೂ ಇದ್ದಾರೆ. ಅದು ಸಸ್ಯಾಹಾರ ಅಂತಷ್ಟೇ ಹೇಳುತ್ತದೆ, ಹಾಲು ಇದ್ದರೂ ಹಸಿರೇ.

ಹೋಟೆಲುಗಳಲ್ಲಿ ಈ ನಿಯಮ ಕೇಂದ್ರ ಪರವಾನಗಿ ಇರುವವರಿಗೆ ಅಥವಾ 10 ಅಥವಾ ಹೆಚ್ಚು ಕಡೆ ಶಾಖೆ ಇರುವವರಿಗೆ ಮಾತ್ರ. ಖಾನಾವಳಿ, ಮಿರ್ಚಿ ಭಜಿ ಗಾಡಿ, ದಾಸೋಹ, ಮದುವೆ ಯಾವುದಕ್ಕೂ ಇಲ್ಲ. ಅಲ್ಲಿ ಬಾಯಿಮಾತೇ ಲೇಬಲ್.

ಆದಾಗ ಏನು ಮಾಡಬೇಕು

ತಂಗಿ ಮಗನ ವಿಷಯದಲ್ಲಿ ನಾವು ಮಾಡಿದ ತಪ್ಪುಗಳನ್ನೇ ತಿರುವಿ ಹಾಕಿದರೆ ಉತ್ತರ ಸಿಗುತ್ತದೆ. ಉಸಿರು ಸಿಕ್ಕಿಕೊಂಡರೆ, ದನಿ ಬದಲಾದರೆ, ತಲೆ ತಿರುಗಿ ಬಿದ್ದರೆ, ಅಥವಾ ಗಾದರಿ ಜೊತೆಗೆ ಮತ್ತೆ ಮತ್ತೆ ವಾಂತಿ ಆದರೆ ಮಜ್ಜಿಗೆ, ಅರಿಷಿಣ, ಗಂಟಲಿಗೆ ಬೆರಳು ಯಾವುದೂ ಬೇಡ. ‘ಅಲರ್ಜಿ ಗುಳಿಗಿ’ ಅಂತ ಮನೆಯಲ್ಲಿರುವ ಸೆಟ್ರಿಜಿನ್ ತುರಿಕೆ ಕಡಿಮೆ ಮಾಡುತ್ತದೆ. ಮುಚ್ಚುತ್ತಿರುವ ಉಸಿರಿನ ದಾರಿಯನ್ನು ತೆರೆಯುವುದಿಲ್ಲ, ಕುಸಿದ ಬಿಪಿ ಎತ್ತುವುದಿಲ್ಲ. ಅದನ್ನು ಮಾಡುವುದು ಅಡ್ರಿನಲಿನ್, ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಕೊಡುವ ಇಂಜೆಕ್ಷನ್. ಎಷ್ಟು ಬೇಗ ಬಿತ್ತೋ ಅಷ್ಟು ಒಳ್ಳೆಯದು.

108ಕ್ಕೆ ಫೋನ್ ಮಾಡುವಾಗ ‘ತಿಂದು ಅಲರ್ಜಿ ಆಗಿದೆ, ಉಸಿರಾಡೋಕೆ ಆಗ್ತಿಲ್ಲ’ ಅಂತ ಸ್ಪಷ್ಟವಾಗಿ ಹೇಳಬೇಕು. ಬರುವವರೆಗೆ ಮಲಗಿಸಿ ಕಾಲು ಎತ್ತರಿಸಿ ಇಡಬೇಕು. ಮಲಗಿದರೆ ಉಸಿರು ಕಷ್ಟ ಅಂದರೆ ಕಾಲು ಚಾಚಿ ಕೂರಿಸಬಹುದು. ಎಬ್ಬಿಸಿ ನಡೆಸಬಾರದು. ಬೈಕಿನಲ್ಲಿ ನಡುವೆ ನೆಟ್ಟಗೆ ಕೂರಿಸುವುದು ಯಾಕೆ ಕೆಟ್ಟದ್ದು ಅಂದರೆ, ಬಿಪಿ ಬಿದ್ದಾಗ ನೆಟ್ಟಗಿದ್ದರೆ ರಕ್ತ ಕಾಲಿಗೆ ಇಳಿದು ಹೃದಯಕ್ಕೆ ವಾಪಸ್ ಬರುವುದಿಲ್ಲ. ಆಂಬುಲೆನ್ಸ್ ಸಿಗದ ಹಳ್ಳಿಯಲ್ಲಿ ಆಟೋದ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹೋಗುವುದು ಬೈಕಿಗಿಂತ ಮೇಲು. ಸುಧಾರಿಸಿತು ಅಂತ ಕೂಡಲೇ ಮನೆಗೆ ಬರಬಾರದು. ಕೆಲವು ತಾಸು ಬಿಟ್ಟು ಮತ್ತೆ ಆಗಬಹುದು.

ಹೊರದೇಶದಲ್ಲಿ ಅಲರ್ಜಿ ಇದ್ದವರು ಅಡ್ರಿನಲಿನ್ ತುಂಬಿದ ಪೆನ್ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ನಮ್ಮ ಊರುಗಳ ಔಷಧಿ ಅಂಗಡಿಯಲ್ಲಿ ಅದು ಸುಲಭಕ್ಕೆ ಸಿಗುವ ವಸ್ತುವಲ್ಲ. ಆದರೆ 1 ಮಿಲಿಲೀಟರಿನ ಪುಟ್ಟ ಆಂಪೂಲ್ ಅಗ್ಗದ್ದು, ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಿಂದಲೇ ಇದೆ. ಲಸಿಕೆ ಹಾಕುವಾಗ ಇಂಥದ್ದೇ ಆದರೆ ಅಂತ ಎಎನ್ಎಂ ಸಿಸ್ಟರುಗಳ ಹತ್ತಿರ ಅನಫೈಲ್ಯಾಕ್ಸಿಸ್ ಕಿಟ್ ಇರುತ್ತದೆ, ತರಬೇತಿಯೂ ಆಗಿರುತ್ತದೆ. ಲಸಿಕೆಗೆ ಗೊತ್ತಿರುವುದನ್ನು ಉಂಡಿಗೂ ಅನ್ವಯಿಸಬೇಕಷ್ಟೇ. ನನ್ನ ಕೇಳಿದರೆ ಪ್ರಚಾರದ ದುಡ್ಡಿನಲ್ಲಿ ಒಂದು ಪಾಲು ಬ್ಯಾನರಿಗೆ ಹೋಗದೆ ಆರೋಗ್ಯ ಕೇಂದ್ರದ ಸಿಬ್ಬಂದಿ ಜೊತೆ ಕೂತು ಮಾತಾಡೋಕೆ ಹೋಗಬೇಕು.

ಯಾವಾಗ, ಎಲ್ಲಿ

ಹೊರಗಿನವರ ಕ್ಯಾಲೆಂಡರ್ ನೋಡಿ ಅಲರ್ಜಿ ವಾರ ಆಚರಿಸುವುದರಲ್ಲಿ ನನಗೆ ಹುರುಪಿಲ್ಲ. ನಮಗೆ ಪಂಚಮಿಗೆ ಎರಡು ವಾರ ಮುಂಚೆ, ಸಂಕ್ರಾಂತಿಗೆ ಮುಂಚೆ, ಮದುವೆ ಸೀಸನ್ನಿಗೆ ಮುಂಚೆ. ಧಾರವಾಡ ಆಕಾಶವಾಣಿಯಲ್ಲಿ ಅರ್ಧ ನಿಮಿಷದ ಎರಡು ಹೆಂಗಸರ ಮಾತುಕತೆ ದೊಡ್ಡ ಭಾಷಣಕ್ಕಿಂತ ದೂರ ಹೋಗುತ್ತದೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ನಿಂತು ಹೋಗುವವರಿಗೆ ಓದೋಕೆ ಬೇಕಾದಷ್ಟು ಹೊತ್ತಿರುತ್ತದೆ. ಶಾಲೆಯಲ್ಲಿ ಪೋಸ್ಟರ್ ಬೇಡ, ಪ್ರವೇಶದ ಅರ್ಜಿಯಲ್ಲಿ ಒಂದು ಸಾಲು ಸಾಕು: ‘ಮಗುವಿಗೆ ಆಗಿಬರದ ತಿನಿಸು ಯಾವುದು?’ ಕ್ಷೀರಭಾಗ್ಯದ ಹಾಲು, ಬಿಸಿಯೂಟದ ಜೊತೆಗಿನ ಮೊಟ್ಟೆ ಬಡಿಸುವವರಿಗೆ ಆ ಪಟ್ಟಿ ಅಡುಗೆಕೋಣೆಯ ಬಾಗಿಲ ಹಿಂದೆ ಸಿಗಬೇಕು.

ಹೊಸ ಪೋಸ್ಟರನ್ನು ಯಾರಿಗೂ ‘ಚೆನ್ನಾಗಿದೆಯಾ’ ಅಂತ ಕೇಳಲಿಲ್ಲ. ಚೆನ್ನಾಗಿದೆ ಅಂತಲೇ ಅನ್ನುತ್ತಾರೆ, ನಮ್ಮ ಜನ ಅಷ್ಟು ಒಳ್ಳೆಯವರು. ಎರಡೇ ಪ್ರಶ್ನೆ ಕೇಳಿದೆವು: ಇದು ಯಾರಿಗೆ ಹೇಳಿದ್ದು? ಇದನ್ನು ಓದಿ ನೀವು ಏನು ಮಾಡುತ್ತೀರಿ? ಹೆಚ್ಚಿನವರು ‘ಬಡಿಸೋರಿಗೆ’, ‘ಮೊದಲ ಕೇಳ್ತೀವಿ’ ಅನ್ನುವವರೆಗೆ ಬರೆದು ಹರಿದು ಬರೆದೆವು. ಪ್ರಚಾರ ಆದಮೇಲೆ ಎಣಿಸಬೇಕಾದ್ದೂ ಅದನ್ನೇ. ಎಷ್ಟು ಪೋಸ್ಟರ್ ಹಚ್ಚಿದೆವು ಅನ್ನುವುದು ನಮ್ಮ ಸಮಾಧಾನಕ್ಕೆ. ಒಂದು ಮದುವೆ ಪಂಕ್ತಿಯಲ್ಲಿ ಕೂತು, ಎಷ್ಟು ಸಲ ಯಾರಾದರೂ ಕೇಳಿ ಬಡಿಸಿದರು ಅಂತ ಎಣಿಸಿದರೆ ನಿಜ ಗೊತ್ತಾಗುತ್ತದೆ.

ಕೊನೆಗೆ ನಿಂತ ಮಾತು ನಮ್ಮದಲ್ಲ. ಆ ಖಾನಾವಳಿ ಅಕ್ಕಾರೇ ರೊಟ್ಟಿ ಬಡಿಯುತ್ತಾ ಹೇಳಿದ್ದು, ನಾವು ಬರೆದುಕೊಂಡೆವು: “ನಿಮಗ ಆಗಿಬರದ್ದು ಏನರ ಇದ್ರ ಮೊದಲ ಹೇಳ್ರಿ. ನಾವು ಒತ್ತಾಯ ಮಾಡಂಗಿಲ್ಲ.” ಈಗ ಅದೇ ಗೋಡೆಯ ಮೇಲೆ ಅದೇ ಮಾತು. ಶೇಂಗಾ ಚಿತ್ರವಿಲ್ಲ, ಗೀಟೂ ಇಲ್ಲ.

ಕಳೆದ ವಾರ ಊಟಕ್ಕೆ ಹೋದಾಗ ಇನ್ನೊಂದು ಕಂಡೆ. ಮೊದಲು ಒಂದೇ ಚಮಚ ಶೇಂಗಾ ಹಿಂಡಿಯಿಂದ ಮೊಸರಿಗೆ, ಮೊಸರಿನಿಂದ ಕೆಂಪು ಚಟ್ನಿಗೆ ಓಡಾಡುತ್ತಿತ್ತು. ಆಗಲ್ಲ ಅನ್ನುವವರಿಗೆ ಆ ಚಮಚಕ್ಕೆ ಮೆತ್ತಿದ ಪುಡಿಯೇ ಸಾಕು. ಅದನ್ನು ಹೇಳಬೇಕು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ನೋಡಿದೆ, ಹಿಂಡಿಯ ಚಮಚದ ಹಿಡಿಗೆ ಅಕ್ಕಾರು ಕೆಂಪು ದಾರ ಕಟ್ಟಿದ್ದರು.